ಮದ್ದು ಹಾಕುವವರು

ಬಿಸಿಯೇರಿದ ಕಂಪ್ಯೂಟರಿನಿಂದ ಬರುತ್ತಿದ್ದುದು, ಚಿಕ್ಕಂದಿನಲ್ಲಿ ಅಪ್ಪನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಸುಗೆ ಕರಗುವಾಗ ಬರುತ್ತಿದ್ದ ವಾಸನೆಯೇ. ಅವಳು ಮೂಗು ಒರೆಸಿಕೊಂಡು ಮೈಕ್ ಸರಿಮಾಡಿಕೊಂಡಳು. ಆನ್‌ಲೈನ್ ಆಟದ ಈ ಹತ್ತು ಜನರ ತಂಡಕ್ಕೆ ಅವಳೇ ನಾಯಕಿ. ಗಾಯಗೊಂಡವರಿಗೆ ಮದ್ದು ಹಾಕುವ ಕೆಲಸ ಅಪ್ಪನದಾಗಿತ್ತು. ಪಕ್ಕದ ಕೋಣೆಯಲ್ಲಿ ಕೂತು ಆಡುತ್ತಿದ್ದ ಅಪ್ಪ ತೀರಿಕೊಂಡು ತಿಂಗಳಾಗಿತ್ತು. ಹನ್ನೊಂದು ಸಲ ತಂಡವನ್ನು ಸೋಲಿಸಿದ್ದ ಡ್ರ್ಯಾಗನ್ನನ್ನು ಇವತ್ತು ಅಪ್ಪನಿಗಾಗಿ ಕೆಡವಲೇಬೇಕಿತ್ತು.

"ಡ್ರೈವರಣ್ಣ, ಮದ್ದಿನ ಕೆಲಸ ನಿಮಗೆ ಹೊಸದು. ನಾನು ಕೂಗಿದ ತಕ್ಷಣ ಹಾಕಿಬಿಡಿ," ಎಂದಳು, ಅಪ್ಪನ ಕೆಲಸ ವಹಿಸಿಕೊಂಡಿದ್ದ ತಂಡದ ಟ್ಯಾಕ್ಸಿ ಡ್ರೈವರನಿಗೆ.

"ಹಾಕ್ತೀನಿ ಬಿಡಮ್ಮ. ನನ್ನ ಟ್ಯಾಕ್ಸಿ ಹಾರ್ನಿಗಿಂತ ನಿನ್ನ ಗಂಟಲೇ ಜೋರು." ಎಲ್ಲರೂ ನಕ್ಕರು.

ಕೊನೆಗೆ ಡ್ರ್ಯಾಗನ್ನಿನ ಜೀವ ಎಳೆಯಷ್ಟು ಉಳಿದಿತ್ತು, ಅವಳದೂ ಅಷ್ಟೇ. "ಅಪ್ಪಾ, ಬೇಗ! ನಾನು ಹೋದೆ!" ಎಂದು ಕೂಗಿಬಿಟ್ಟಳು. ಡ್ರೈವರಣ್ಣನ ದನಿ ಮೆಲ್ಲಗೆ ಬಂತು. "ಬಂದೆ ಮಗಳೇ. ನೀನು ಹೊಡಿ."

ಡ್ರ್ಯಾಗನ್ ಉರುಳಿತು. ಅವಳು ತಿರುಗಿ ನೋಡಿದರೆ ಬಾಗಿಲಲ್ಲಿ ಅಮ್ಮ. ಆಟ ಮುಗಿಯದೆ ಊಟಕ್ಕೆ ಏಳದ ಅಪ್ಪ ಮಗಳಿಬ್ಬರನ್ನೂ ವರ್ಷಗಟ್ಟಲೆ ಬೈದಿದ್ದವಳು, ಈಗ ಕಂಪ್ಯೂಟರಿನ ಬಳಿಗೇ ಬಂದು, ಕಲಸಿದ ಅನ್ನದ ತಟ್ಟೆಯನ್ನು ಮಗಳ ಕೈಗಿಟ್ಟಳು.