ಬಾಗಿಲ ಮುಂದಿನ ಬೂಟು

"ರೀ, ತಡ ಆಗತ್ತೆ. ಕಾಯ್ಬೇಡಿ, ಊಟ ಮಾಡ್ಬಿಡಿ!"

ಬೀದಿ ತುದಿಯ ಕಟ್ಟೆಯ ಮೇಲೆ ನಾಲ್ವರು ಗಂಡಸರು ಕುಳಿತಿದ್ದರು. ಅವರನ್ನು ದಾಟುವಾಗ ಸರ್ಕಾರಿ ಕಚೇರಿಯ ತನಿಖೆಯಮ್ಮ ಫೋನಿನಲ್ಲಿ ಬೀದಿಗೆಲ್ಲ ಕೇಳುವಂತೆ ಹೇಳಿ, ಉತ್ತರಕ್ಕೂ ಕಾಯದೆ ಅದನ್ನು ಚೀಲಕ್ಕೆ ಹಾಕಿಕೊಂಡರು. ಮೂರನೆಯ ಮನೆಯ ಮುಂದೆ ನಿಂತರು. ಬಾಗಿಲು ತಟ್ಟುವ ಮೊದಲೇ ಬಗ್ಗಿ, ಹೊಸ್ತಿಲ ಬಳಿಯಿದ್ದ ಜೋಡಿಯಿಂದ ಒಂದು ಬೂಟನ್ನು ಕೈಗೆತ್ತಿಕೊಂಡರು.

ಗಂಡಸಿನ ಬೂಟು. ದೊಡ್ಡ ಪಾದದ್ದು. ಅಟ್ಟೆ ತಿರುಗಿಸಿ ನೋಡಿದರು. ಒಳಗೆ ಬೆರಳಿಟ್ಟರೆ ಜೇಡರ ಬಲೆ ಅಂಟಿಕೊಂಡು ಬಂತು. ಇಷ್ಟೊಂದು ಅಲಕ್ಷ್ಯವೇ ಎಂದು ಅವರಿಗೆ ಸಿಟ್ಟು ನೆತ್ತಿಗೇರಿತು.

"ಸುಳ್ಳಾ ನಾನು ಬರೆದಿದ್ದು?" ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕತ್ತು ಚಾಚಿದಳು. "ಗಂಡ ಬಿಟ್ಟುಹೋದ ಅಂತ ಸರ್ಕಾರದಿಂದ ತಿಂಗಳ ಸಹಾಯ, ಮಗು ನೋಡ್ಕೊಳ್ಳೋಕೆ ಶಿಶುಮಂದಿರ. ಇಲ್ಲಿ ನೋಡಿದ್ರೆ ಬೂಟು!"

"ಓಹೋ, ಆ ಮೂಗರ್ಜಿ ನಿಮ್ಮದೇನು? ಹೆಸರು ಹಾಕೋದು ಮರೆತಿದ್ರಿ."

ಕತ್ತು ಸರಕ್ಕನೆ ಒಳಗೆ ಹೋಯಿತು.

ಮನೆ ಎಂದರೆ ಒಂದೇ ಕೋಣೆ. ಬಾಗಿಲು ತೆರೆದವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಅವಳ ಕೈ ಹಿಡಿದು ನಾಲ್ಕು ವರ್ಷದ ಮಗಳು.

"ಯಾರದಮ್ಮಾ ಬೂಟು?"

"ನಮ್ಮಣ್ಣಂದು. ಬಂದಿದಾನೆ."

"ಯಾವಾಗ?"

"ನಿನ್ನೆ."

"ನಿನ್ನೆ ಬಂದವನ ಬೂಟಲ್ಲಿ ಜೇಡ ಆಗಲೇ ಸಂಸಾರ ಹೂಡಿದೆಯಲ್ಲ!"

ಗುಂಡಿಯವಳು ತಲೆ ತಗ್ಗಿಸಿದಳು. ಮಗು ನಕ್ಕಿತು. ಜೇಡ ಎಲ್ಲಿದೆ ಎಂದು ನೋಡಲು ಓಡಿತು.

ತನಿಖೆಯಮ್ಮ ಒಳಗೆ ಕುಳಿತು ನಮೂನೆಯನ್ನು ತೊಡೆಯ ಮೇಲೆ ಹರಡಿದರು. ಹನ್ನೊಂದನೆಯ ಕಲಮು: 'ಮನೆಯಲ್ಲಿ ಗಂಡಸಿನ ವಸ್ತುಗಳು ಕಂಡುಬಂದವೇ? ಹೌದು ಅಥವಾ ಇಲ್ಲ.' ಹೌದು ಎಂದರೆ ಸಹಾಯ ನಿಲ್ಲುತ್ತದೆ, ಶಿಶುಮಂದಿರದ ಬಾಗಿಲೂ ಮುಚ್ಚುತ್ತದೆ. ಮಗುವನ್ನು ಕಾರ್ಖಾನೆಯ ಗೇಟಿನೊಳಗೆ ಬಿಡುವುದಿಲ್ಲ. ಅಲ್ಲಿಗೆ ಕೆಲಸವೂ ಹೋದಂತೆಯೇ. ಏಕೆ ಎಂದು ಬರೆಯಲು ಆ ಹಾಳೆಯಲ್ಲಿ ಬೆರಳಗಲ ಜಾಗವಿರಲಿಲ್ಲ. ಜಾಗ ಕೊಡಿ ಎಂದು ಅವರು ಮೂರು ಸಲ ಮೇಲಕ್ಕೆ ಬರೆದಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿತ್ತು.

"ದೇವರಾಣೆ ಯಾರೂ ಇಲ್ಲಮ್ಮಾ." ಅವಳು ಕೊನೆಗೆ ಬಾಯಿಬಿಟ್ಟಳು. "ಅವನು ಬಿಟ್ಟುಹೋದ ವಾರದಿಂದ್ಲೇ ಶುರುವಾಯ್ತು, ಕತ್ತಲಾದ್ರೆ ಬಾಗಿಲು ಬಡಿಯೋದು. ಹಳೇ ಸಾಮಾನಿನ ಅಂಗಡಿಯಿಂದ ಈ ಬೂಟು ತಂದಿಟ್ಟೆ. ಅವತ್ತಿಂದ ಒಬ್ಬನೂ ಬಡಿದಿಲ್ಲ. ತೆಗಿ ಅಂದ್ರೆ ತೆಗೀತೀನಿ. ಆಮೇಲೆ ಅಲ್ಲಿ ಏನಿಡ್ಲಿ, ನೀವೇ ಹೇಳಿ."

ತನಿಖೆಯಮ್ಮ ನಮೂನೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಏನೋ ಬರೆದರು.

"ನಿಮಗೆ ಗೊತ್ತಾಗಲ್ಲ ಬಿಡಿ. ಈಗ ತಾನೇ ಫೋನಲ್ಲಿ ಮಾತಾಡ್ಕೊಂಡು ಬಂದ್ರಲ್ಲ. ನಿಮ್ಮ ಬಾಗಿಲಲ್ಲಿ ಯಜಮಾನರ ಚಪ್ಪಲಿ ಇರತ್ತೆ."

"ಇರತ್ತೆ," ಎಂದು ತನಿಖೆಯಮ್ಮ ಎದ್ದರು.

ಮಧ್ಯಾಹ್ನ ಕಚೇರಿಯಲ್ಲಿ ಮೇಲಧಿಕಾರಿ ನಮೂನೆಯನ್ನು ಎರಡೆರಡು ಸಲ ಓದಿದರು. ಹನ್ನೊಂದನೆಯ ಕಲಮಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು: 'ಇಲ್ಲ. ಬಾಗಿಲಲ್ಲಿ ಒಂದು ಜೊತೆ ಬೂಟು ಇದೆ. ಬಾಗಿಲು ಕಾಯಲೆಂದು ಅರ್ಜಿದಾರಳೇ ಕೊಂಡದ್ದು. ಆದ್ದರಿಂದ ಅದು ಹೆಂಗಸಿನ ವಸ್ತು.'

"ಏನಮ್ಮ ಇದು, ಒಗಟಾ? ಅವಳು ಕಾಗೆ ಹಾರಿಸಿದಾಳೆ, ನೀವು ಕೂತ್ಕೊಂಡು ಅದರ ಗರಿ ಎಣಿಸ್ತಿದೀರಿ."

"ಹೆದರಿದವಳು ಏನು ಬೇಕಾದ್ರೂ ತಂದಿಡ್ತಾಳೆ ಸಾರ್."

"ಯಾರಿಡ್ತಾರೆ? ಗಂಡಸಿಲ್ಲದ ಮನೆ ಮುಂದೆ ಗಂಡಸಿನ ಬೂಟು! ಇಷ್ಟು ವರ್ಷದ ಸರ್ವಿಸಲ್ಲಿ ಅಂಥ ಒಬ್ಬಳನ್ನೂ ನಾನು ಕಂಡಿಲ್ಲ. ಇನ್ನೊಬ್ಬಳನ್ನ ತೋರಿಸಿ, ಕಣ್ಣುಮುಚ್ಚಿ ಸಹಿ ಹಾಕ್ತೀನಿ."

"ಮಾತಿಗೆ ತಪ್ಪಬಾರದು ಸಾರ್."

"ತಪ್ಪಲ್ಲ. ಬೇಕಾದ್ರೆ ಮನೆಗೆ ಹೋಗಿ ನಿಮ್ಮ ಯಜಮಾನರನ್ನೇ ಕೇಳಿ, ಇಂಥದ್ದು ಎಲ್ಲಾದ್ರೂ ಉಂಟಾ ಅಂತ. ಅವರನ್ನಂತೂ ಒಂದು ದಿನಾನೂ ನಮ್ಮ ಕಣ್ಣಿಗೆ ಬೀಳಿಸಲಿಲ್ಲ ನೀವು."

"ಅವರಿಗೆ ಜನ ಸೇರಲ್ಲ ಸಾರ್."

ಸುತ್ತಲಿನ ಮೇಜುಗಳು ನಕ್ಕವು. ಮೇಲಧಿಕಾರಿ ಫೈಲು ಮುಚ್ಚಿದರು. "ನಾಳೆ ಹತ್ತು ಗಂಟೆಯವರೆಗೆ ಟೈಮು. ಆಮೇಲೆ ನಾನೇ 'ಹೌದು' ಅಂತ ತಿದ್ತೀನಿ."

ಆ ಸಂಜೆ ತನಿಖೆಯಮ್ಮ ದೇವರ ಮುಂದೆ ಬಹಳ ಹೊತ್ತು ಕೈಮುಗಿದು ಕುಳಿತರು. ಕೇಳಬೇಕಾದ್ದನ್ನೆಲ್ಲ ಕೇಳಿದರು. ದೇವರು ಎಂದಿನಂತೆ ಉತ್ತರವನ್ನು ಅವರಿಗೇ ಬಿಟ್ಟ.

ಮರುದಿನ ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು. ಅವರು ಮೇಲಧಿಕಾರಿಯ ಮೇಜಿನ ಮೇಲೆ, ಫೈಲಿನ ಪಕ್ಕದಲ್ಲೇ, ಒಂದು ಕಾಗದದ ಪೊಟ್ಟಣ ಬಿಚ್ಚಿಟ್ಟರು. ಒಳಗೆ ಗಂಡಸಿನ ಚಪ್ಪಲಿ. ಎಣ್ಣೆ ಹಚ್ಚಿ ಒರೆಸಿದ್ದು. ತೊಗಲಿನ ಮೇಲೆ ಐದು ಬೆರಳುಗಳ ಗುಳಿ ಅಳಿಯದೆ ಉಳಿದಿತ್ತು.

"ಇದೇನ್ರಮ್ಮ! ಅವಳ ಮನೇಲಿ ಇದೂ ಸಿಕ್ಕಿತಾ?"

ಮೇಜುಗಳೆಲ್ಲ ಇತ್ತ ತಿರುಗಿದವು. ತನಿಖೆಯಮ್ಮ ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ಅವರ ಕೈಗೆ ಕೊಟ್ಟರು.

"ಇನ್ನೊಬ್ಬಳನ್ನ ತೋರಿಸಿ ಅಂದ್ರಲ್ಲ ಸಾರ್. ನಮ್ಮನೆಯವರು ತೀರಿಕೊಂಡು ಒಂಬತ್ತು ವರ್ಷ ಆಯ್ತು; ದಿನಾ ಬೆಳಿಗ್ಗೆ ಇದನ್ನ ಬೀದಿ ಕಡೆ ತಿರುಗಿಸಿಡ್ತೀನಿ, ಸಂಜೆ ಮನೆ ಕಡೆ, ಅದಕ್ಕೇ ನನ್ನದರಲ್ಲಿ ಜೇಡ ಬಲೆ ಕಟ್ಟಿಲ್ಲ."