ಬಿಡುಗಡೆಯ ದಿನ

ತಿಪ್ಪೇಶ ಮತ್ತು ಅವನ ಧಣಿ ರುದ್ರಮುನಿ ಒಂದೇ ಕೊಲೆ ಕೇಸಿನಲ್ಲಿ ಆರೋಪಿಗಳಾಗಿ ಕಟಕಟೆಯಲ್ಲಿ ನಿಂತಿದ್ದರು. ಕೊಲೆಯನ್ನು ಕಣ್ಣಾರೆ ಕಂಡವಳು ಸತ್ತವನ ತಾಯಿ ಚೌಡಮ್ಮ ಒಬ್ಬಳೇ. ಧಣಿಯ ಕಡೆಯವರು ಹಿಂದಿನ ದಿನವೇ ಅವಳ ಮನೆಗೆ ಹೋಗಿ, ಉಳಿದಿರುವ ಇನ್ನೊಬ್ಬ ಮಗನ ಹೆಸರೆತ್ತಿ ಹೆದರಿಸಿ ಬಂದಿದ್ದರು.

"ನಾ ಕಂಡೋರು ಇವರಲ್ಲ," ಎಂದು ಚೌಡಮ್ಮ ಸಾಕ್ಷಿ ನುಡಿದಳು. ಕೆಳಗಿಳಿದು ಹೋಗುವಾಗ ತಿಪ್ಪೇಶನ ಮುಂದೆ ನಿಂತು ಕೈಮುಗಿದಳು. "ನೀವು ಅಂದಂಗೇ ಹೇಳಿದೀನಪ್ಪ. ಇರೋ ಒಬ್ಬ ಮಗನ್ನ ಉಳಿಸಿಕೊಡು."

ಪೊಲೀಸರ ಲಾಠಿಗೂ ಬಗ್ಗದ ತಿಪ್ಪೇಶನಿಗೆ ಆ ಮುಗಿದ ಕೈಗಳನ್ನು ನೋಡಲಾಗಲಿಲ್ಲ.

ಧಣಿ ಮೆಲ್ಲಗೆ ನಕ್ಕ. "ಮುಗೀತು ಬಿಡು. ಜಡ್ಜ್ ಕೇಳಿದರೆ ಏನೂ ಗೊತ್ತಿಲ್ಲ ಅನ್ನು. ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀವಿ."

"ಆಗಲಿ ಧಣಿ."

ನ್ಯಾಯಾಧೀಶರು ತಿಪ್ಪೇಶನನ್ನು ಕೇಳಿದರು: "ಈ ಸಾಕ್ಷಿಯ ಬಗ್ಗೆ ನಿನಗೇನಾದರೂ ಹೇಳುವುದಿದೆಯೇ?"

"ಇದೆ ಸ್ವಾಮಿ. ಆಯಮ್ಮ ಹೇಳಿದ್ದು ಸುಳ್ಳು."

ವಕೀಲರು ಗಾಬರಿಯಿಂದ ಎದ್ದು ನಿಂತರು. ತಿಪ್ಪೇಶ ಧಣಿಯ ಮುಖವನ್ನೇ ನೋಡುತ್ತ ಮಾತು ಮುಂದುವರಿಸಿದ.

"ಮಚ್ಚು ಬೀಸಿದ್ದು ನಾನು. ಬೀಸುವಾಗ ಆಯಮ್ಮನ ಮಗನ ಕೈ ಹಿಂದಕ್ಕೆ ತಿರುಚಿ ಹಿಡಕೊಂಡಿದ್ದು ಇವರು."