ಜುಲೈಕಾಳ ಗೇಟಿನ ನಿಯಮಗಳು

ಹೊಸ ನಿಯಮದ ಕಾಗದಕ್ಕೆ ಗೋಂದು ಹಚ್ಚಿಕೊಂಡು ಜುಲೈಕಾ ಗೇಟಿನ ಬಳಿ ಬರುವಷ್ಟರಲ್ಲಿ, ಆ ನಿಯಮಕ್ಕೆ ಒಪ್ಪಿಗೆ ಕೊಡಲು ಒಬ್ಬಳು ತಾಯಿ ಹೊರಗೆ ಕಾದು ನಿಂತಿದ್ದಳು.

"ಹಾಗಲಕಾಯಿ ಪಲ್ಯ ತಿನ್ನದ ಮಕ್ಕಳನ್ನು ಸೇರಿಸುವುದಿಲ್ಲವಂತೆ ಅಲ್ವಾ ಅಕ್ಕ? ನಮ್ಮ ಪ್ರಾಪ್ತಿ ತಿಂತಾಳೆ. ತಿನ್ನದಿದ್ದರೆ ನೀವು ಬೈದು ತಿನ್ನಿಸಿ," ಎಂದಳು ನರಿಕೊಂಬಿನ ಶಶಿಪ್ರಭಾ. "ಮತ್ತೆ, ಗಾಡಿ ಯಾವಾಗಿನಿಂದ?"

"ಯಾವ ಗಾಡಿ?"

"ಮಕ್ಕಳನ್ನು ಶಾಲೆಗೆ ಬಿಡಲಿಕ್ಕೆ ಗಾಡಿ ಬರ್ತದಂತೆ. ನಮ್ಮವರು ಫೋನಿನಲ್ಲಿ ಹೇಳಿದ್ರು."

ಜುಲೈಕಾ ಕೈಯಲ್ಲಿದ್ದ ಕಾಗದವನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. ಅಂಟಿಸಿಯೇ ಆಗಿಲ್ಲ, ಇವಳಿಗೆ ಗೊತ್ತಾದದ್ದು ಹೇಗೆ? ಮೊನ್ನೆಯೂ ಹೀಗೆಯೇ ಆಗಿತ್ತು. ಮನೆಯೊಳಗಿನ ಮಾತನ್ನು ಯಾರೋ ಊರಿಗೆಲ್ಲ ಹಂಚುತ್ತಿದ್ದಾರೆ, ಜೊತೆಗೆ ಇಲ್ಲದ ಗಾಡಿಯನ್ನೂ ಸೇರಿಸುತ್ತಿದ್ದಾರೆ. ಯಾರೋ ಏನು ಬಂತು, ಪಕ್ಕದ ಮನೆಯ ರುಕಿಯಾ! ಅವಳ ಅಡುಗೆಮನೆಯ ಕಿಟಕಿ ಇರುವುದೇ ಈ ಕಡೆಗೆ.

ಪಾಣೆಮಂಗಳೂರಿನ ತನ್ನ ಮನೆಯಲ್ಲಿ ಜುಲೈಕಾ ಬೇರೆಯವರ ಮಕ್ಕಳನ್ನು ನೋಡಿಕೊಳ್ಳಲು ಶುರುಮಾಡಿ ಕೆಲವು ವರ್ಷಗಳಾಗಿದ್ದವು. ಬೆಳಗಾಗುವಾಗಲೇ ಮಂಗಳೂರಿನ ಬಸ್ಸಿಗೆ ಓಡುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುತ್ತಾರೆ. ಇವಳು ತಿಂಡಿ ತಿನ್ನಿಸಿ, ಜಡೆ ಹಾಕಿ, ಶಾಲೆಯವರೆಗೆ ನಡೆಸಿಕೊಂಡು ಹೋಗುತ್ತಾಳೆ. ಎಲ್‌ಕೆಜಿಯವರು ಮಧ್ಯಾಹ್ನವೇ ವಾಪಸು. ಸಂಜೆ ಉಳಿದವರು. ದಿನವಿಡೀ ಮನೆಯೆಂದರೆ ಮೀನು ಮಾರ್ಕೆಟ್ಟು.

ಈಗ ಅವಳಿಗೆ ಬೇಕಾಗಿದ್ದದ್ದು ಒಂದೇ. ಎರಡು ತಿಂಗಳ ಮಟ್ಟಿಗೆ ಈ ಸೈನ್ಯ ತೊಲಗಬೇಕು.

ಕಾರಣ ಬಾಯಿಬಿಟ್ಟು ಹೇಳುವಂಥದ್ದಲ್ಲ. ಗಂಡ ಮಮ್ಮು ಗಲ್ಫಿನ ದಮ್ಮಾಮಿನಿಂದ ಬರುವವನಿದ್ದ. ಅಲ್ಲಿ ಅವನು ಶಾಲೆಯ ಬಸ್ಸಿನ ಡ್ರೈವರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಅದೂ ನೆಂಟರ ಮನೆ, ಮದುವೆಯ ಊಟ, ಅತ್ತರು ಹಂಚುವುದು ಎಂದು ಮುಗಿದೇಹೋಗುತ್ತಿತ್ತು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋದ ಮೇಲೆ ಇದು ಮೊದಲ ರಜೆ. ಈ ಸಲವಾದರೂ ಗಂಡನ ಎದುರು ಕುಳಿತು ಬಿಸಿಬಿಸಿ ನೀರುದೋಸೆ ತಿನ್ನಬೇಕು, ನಾಲ್ಕು ಮಾತಾಡಬೇಕು ಎಂದು ಜುಲೈಕಾಳ ಜೀವ ಹಪಹಪಿಸುತ್ತಿತ್ತು. ಆದರೆ ಐವತ್ತು ದಾಟಿದ ಹೆಂಗಸು, ಗಂಡ ಬರುತ್ತಾನೆ, ಮಕ್ಕಳನ್ನು ಕಳಿಸಬೇಡಿ ಎಂದರೆ ಊರು ಸುಮ್ಮನಿರುತ್ತದೆಯೇ? ಮಗುವಿನ ಕೈ ಹಿಡಿದು ಅಂಗಳಕ್ಕೆ ಬಂದವರಿಗೆ ಆಗುವುದಿಲ್ಲ ಎನ್ನಲು ಅವಳಿಗೆ ನಾಲಿಗೆಯೂ ಏಳುತ್ತಿರಲಿಲ್ಲ.

ಹಾಗಾಗಿ ನಿಯಮಗಳು. ಅವರಾಗಿಯೇ ಬೇಸತ್ತು ಬಿಟ್ಟುಹೋಗಲಿ ಎಂದು.

ಮೊದಲು ಫೀಸು ದುಪ್ಪಟ್ಟು ಮಾಡಿದಳು. ಇಷ್ಟು ಕೇಳುವವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ ಎಂದು ಇನ್ನಷ್ಟು ಜನ ಬಂದರು. ಟಿವಿ, ಮೊಬೈಲು ಬಂದ್ ಎಂದಳು. ತಾಯಂದಿರು ಕೈಮುಗಿದರು. ಸಂಜೆ ತಡವಾಗಿ ಬಂದರೆ ದಂಡ ಎಂದಳು. ಬ್ಯಾಂಕಿನ ಮ್ಯಾನೇಜರು ಕೂಡ ಏದುಸಿರು ಬಿಡುತ್ತಾ ಓಡಿಬರತೊಡಗಿದ. ನಮ್ಮ ಜನರೇ ಹಾಗೆ, ಗದರಿಸುವವರು ಸಿಕ್ಕಿದರೆ ಮಕ್ಕಳು ಉದ್ಧಾರವಾದರೆಂದೇ ಲೆಕ್ಕ. ಹಾಗಲಕಾಯಿ ಅವಳ ಕೊನೆಯ ಅಸ್ತ್ರವಾಗಿತ್ತು, ಅದೂ ಠುಸ್ ಆಯಿತು.

ಪ್ರತಿ ಶುಕ್ರವಾರ ಮಮ್ಮುವಿಗೆ ರಜೆ, ಅವತ್ತು ಫೋನು. ಹೊಸ ನಿಯಮವನ್ನು ಅಂಟಿಸುವ ಮೊದಲೇ ಜುಲೈಕಾ ಅವನಿಗೆ ಓದಿ ಹೇಳುತ್ತಿದ್ದಳು. ಸಿಗ್ನಲ್ ಸರಿಯಿಲ್ಲದ್ದರಿಂದ ಕಿರುಚಿಯೇ ಓದಬೇಕು. ಅವನು ಬಿದ್ದು ಬಿದ್ದು ನಗುತ್ತಿದ್ದ. ಹಾಗಲಕಾಯಿಯೂ ಠುಸ್ ಆಯಿತು ಎಂದು ಹೇಳಿದ ಶುಕ್ರವಾರವೂ ಅದೇ ನಗು.

"ಹಾಕು, ಹಾಕು. ಇನ್ನೂ ಬಿಗಿ ಮಾಡು. ಈಗ ಎಷ್ಟು ಮಕ್ಕಳು?"

"ಹದಿನಾಲ್ಕು. ಕಡಿಮೆ ಆಗುವುದು ಬಿಟ್ಟು ಹೆಚ್ಚಾಗ್ತಾ ಉಂಟು ಮಾರಾಯ್ರೆ."

"ಅಷ್ಟೇಯಾ?"

ಇವಳ ಕಷ್ಟದಲ್ಲಿ ಇವನ ತಮಾಷೆ ಬೇರೆ. ಅವಳು ಫೋನು ಕುಕ್ಕಿ, ಊರಿಗೆಲ್ಲ ಹಂಚುವುದು ನೀನೇ ಅಲ್ವಾ ಎಂದು ಕೇಳಲು ನೇರ ರುಕಿಯಾಳ ಮನೆಗೆ ನಡೆದಳು.

"ನಾನಾ?" ರುಕಿಯಾ ಸೌಟು ಹಿಡಿದೇ ಹೊರಬಂದಳು. "ಕೇಳಿದ್ದು ಹೌದು. ನೀನು ಕಿರುಚುವುದು ಹೊಳೆಯ ಆಚೆಗೂ ಕೇಳ್ತದೆ. ಆದರೆ ಹೇಳಲಿಲ್ಲ. ನನ್ನ ಮೊಮ್ಮಗನಿಗೇ ಇನ್ನೂ ಸೀಟು ಸಿಕ್ಕಲಿಲ್ಲ, ಬೇರೆಯವರಿಗೆ ಹೇಳಿ ನಾನು ಬಾಯಿಗೆ ಮಣ್ಣು ಹಾಕಿಕೊಳ್ಳುವುದಾ?"

ಆ ಮಾತಿನಲ್ಲಿ ನ್ಯಾಯವಿತ್ತು. ಜುಲೈಕಾ ಸಪ್ಪೆ ಮುಖ ಹಾಕಿಕೊಂಡು ಮರಳಿದಳು. ಬರುವಾಗ ಮೊಮ್ಮಗನಿಗೊಂದು ಸೀಟು ಕೊಟ್ಟೂ ಬಂದಿದ್ದಳು.

ಮುಂದಿನ ಶುಕ್ರವಾರ ಅವಳು ನಾಚಿಕೆ ಬಿಟ್ಟಳು. "ಎರಡು ತಿಂಗಳು ಪೂರ್ತಿ ರಜೆ. ಕಾರಣ ಕೇಳಬಾರದು," ಎಂದು ಓದಿದಳು.

ಮಮ್ಮು ನಗಲಿಲ್ಲ. "ಅದೊಂದು ಬೇಡ ಜುಲೈಕಾ. ಮಕ್ಕಳು ಇರಲಿ."

ಹಾಗಾದರೆ ಅವನಿಗೆ ತನ್ನೊಬ್ಬಳ ಜೊತೆ ಕೂರುವ ಮನಸ್ಸಿಲ್ಲ. ದುಡಿದು ಬಂದವನಿಗೆ ಹೆಂಡತಿಯ ಮುಖಕ್ಕಿಂತ ಊರ ಮಕ್ಕಳ ಗಲಾಟೆಯೇ ವಾಸಿಯಾಯಿತು. ಅವತ್ತು ಹಾಗಲಕಾಯಿ ಹೆಚ್ಚುತ್ತಾ ಅವಳು ಅತ್ತಳು. ಈರುಳ್ಳಿ ಹೆಚ್ಚುತ್ತಿದ್ದರೆ ಮಕ್ಕಳು ಪ್ರಶ್ನೆಯನ್ನಾದರೂ ಕೇಳುತ್ತಿರಲಿಲ್ಲ.

ಮಮ್ಮು ಬಂದಿಳಿದಾಗ ಅಂಗಳದ ತುಂಬ ಮಕ್ಕಳು. ಅವನು ಒಬ್ಬೊಬ್ಬರ ತಲೆ ಸವರಿ, ಯಾವ ಶಾಲೆ, ಎಷ್ಟು ಗಂಟೆಗೆ ಬೆಲ್ಲು ಎಂದು ವಿಚಾರಿಸಿದ. ಜುಲೈಕಾ ಚಹಾದ ಲೋಟವನ್ನು ಟಣ್ ಎಂದು ಎದುರಿಗಿಟ್ಟಳು.

"ಎರಡು ತಿಂಗಳು ಕೇಳಿದ್ದು ನಾನು. ಅಷ್ಟನ್ನೂ ನನಗೆ ಕೊಡಲಿಕ್ಕೆ ನಿಮಗೆ ಮನಸ್ಸಾಗಲಿಲ್ಲ ಅಲ್ವಾ?"

"ರಜೆ ಕೊಟ್ಟರೆ ಮಕ್ಕಳೆಲ್ಲ ಬೇರೆ ಕಡೆ ಸೇರ್ತಾರೆ," ಎಂದ ಮಮ್ಮು, ಚಹಾ ಊದುತ್ತಾ. "ದಮ್ಮಾಮಿನಲ್ಲಿ ಸಿಕ್ಕಿದ ನಮ್ಮ ಬಂಟ್ವಾಳ ಕಡೆಯವರಿಗೆಲ್ಲ ನಿನ್ನ ನಿಯಮ ಹೇಳಿ ಹೇಳಿ ಅಷ್ಟು ಜನರನ್ನು ಕಳಿಸಿದ್ದು ನಾನು. ಅದು ಹಾಳಾಗಬಾರದಲ್ಲ. ನಾಳೆ ಗಾಡಿ ನೋಡಲಿಕ್ಕೂ ಹೋಗಲಿಕ್ಕುಂಟು."

ಜುಲೈಕಾ ಅವನ ಕೈಯಿಂದ ಲೋಟ ಕಿತ್ತುಕೊಂಡಳು.

"ಎರಡು ತಿಂಗಳು ಯಾಕೆ ನಿನಗೆ? ವೀಸಾ ಕ್ಯಾನ್ಸಲ್ ಮಾಡಿಸಿ ಬಂದಿದ್ದೇನೆ, ಇನ್ನು ನಾನು ಹೋಗಲಿಕ್ಕಿಲ್ಲ."